ಯುರೋಪಿನ ರಾಜಕೀಯ ಕವರ್ ಮಾಡೋ ಮಲ್ಟಿಮೀಡಿಯಾ ಪತ್ರಕರ್ತರ ಕೆಲಸ ನಿಜವಾಗ್ಲೂ ಹೇಗಿರತ್ತೆ?

ಪ್ರಶ್ನೆ: ನಮಸ್ಕಾರ ಮೇಡಂ, ಮೈಸೂರಲ್ಲಿ ಪತ್ರಿಕೋದ್ಯಮ ಎಂಎ ಕೊನೇ ಸೆಮಿಸ್ಟರಲ್ಲಿದೀನಿ. ಯುರೋಪಲ್ಲಿ ಇದ್ಕೊಂಡು ಅಲ್ಲಿನ ರಾಜಕೀಯ, ವಲಸೆ, ಕೂಲಿ ಕಾರ್ಮಿಕರ ವಿಷಯ ಇವನ್ನೆಲ್ಲ ವಿಡಿಯೊ, ಆಡಿಯೊ, ಬರಹ ಮೂರರಲ್ಲೂ ಮಾಡ್ಬೇಕು ಅಂತ ಆಸೆ. ಒಬ್ರೇ ಎಲ್ಲ ಮಾಡೋಕಾಗತ್ತಾ? ಯಾವ ಕ್ಯಾಮೆರಾ ತಗೋಬೇಕು? ಫ್ರೆಂಚ್ ಬರಲ್ಲ, ನಡೆಯತ್ತಾ? ನಮ್ ಕಡೆಯವರಿಗೆ ಅಲ್ಲಿ ಯಾರಾದ್ರೂ ಕೆಲಸ ಕೊಡ್ತಾರಾ?

ಉತ್ತರ: ನಮಸ್ಕಾರ. ಕ್ಯಾಮೆರಾ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದ್ಲು ಕೆಲಸ ಏನು ಅನ್ನೋದು ಮಾತಾಡೋಣ. ಯುರೋಪ್ ರಾಜಕೀಯ ಅಂದ್ರೆ ಟಿವಿಯಲ್ಲಿ ಬರೋದು ನೀಲಿ ಬಾವುಟದ ಸಾಲು, ನಾಯಕರು ಕಾರಿಂದ ಇಳಿದು ಮೈಕಿನ ಮುಂದೆ ನಿಂತು ಎರಡು ಮಾತಾಡೋದು, ಕೈ ಕುಲುಕೋದು. ಈ ದೃಶ್ಯ ಎಲ್ಲ ಪುಕ್ಕಟೆ ಸಿಗತ್ತೆ ರೀ. ಯುರೋಪಿಯನ್ ಯೂನಿಯನ್, ಅಂದ್ರೆ 27 ದೇಶಗಳ ಒಕ್ಕೂಟದ ಆಡಳಿತ ನಡೆಸೋ ಯುರೋಪಿಯನ್ ಕಮಿಷನ್ನಿಂದೇ ಯುರೋಪ್ ಬೈ ಸ್ಯಾಟಲೈಟ್ ಅಂತ ಸೇವೆ ಇದೆ, ಪ್ರೆಸ್ ಮೀಟು, ಶೃಂಗಸಭೆ ಎಲ್ಲ ಲೈವ್ ಬರತ್ತೆ, ಇಳಿಸ್ಕೊಂಡು ಸುದ್ದಿಗೆ ಬಳಸ್ಬಹುದು. ಅದನ್ನೇ ಇನ್ನೊಂದ್ಸಲ ಶೂಟ್ ಮಾಡ್ಕೊಂಡು ಬನ್ನಿ ಅಂತ ಯಾವ ಎಡಿಟರೂ ನಿಮಗೆ ದುಡ್ಡು ಕೊಡಲ್ಲ. ಅವರಿಗೆ ನಿಮ್ಮಿಂದ ಬೇಕಾಗಿರೋದು ಬೇರೆ. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಲ್ಲಿ ಬರೆದ ಕಾನೂನಿನ ಒಂದು ಕಲಂ, ಎಲ್ಲೋ ದೂರದ ಒಂದು ಹೊಲದಲ್ಲೋ ದ್ವೀಪದಲ್ಲೋ ಒಬ್ಬ ಮನುಷ್ಯನ ಬದುಕಿನ ಮೇಲೆ ಬಂದು ಹೇಗೆ ಕೂತ್ಕೊಳ್ಳತ್ತೆ ಅನ್ನೋದನ್ನ ಎರಡೂ ತುದಿ ಹಿಡಿದು ತೋರಿಸ್ಬೇಕು. ಇಷ್ಟು ವರ್ಷ ಈ ಕೆಲಸ ಮಾಡಿ ನಾನು ನಂಬಿರೋದು ಇದೊಂದೇ. ಒಂದೇ ತುದಿ ಗೊತ್ತಿರೋರು ಬೇಕಾದಷ್ಟು ಜನ ಇದಾರೆ, ಎರಡೂ ಗೊತ್ತಿರೋರು ಕಮ್ಮಿ.

ಬ್ರಸೆಲ್ಸ್ ತುದಿ ಮೊದ್ಲು ಹೇಳ್ತೀನಿ. ಷುಮಾನ್ ಸರ್ಕಲ್ ಅಂತ ಇದೆ, ಅದರ ಒಂದ್ಕಡೆ ಕಮಿಷನ್ನಿನ ಬೆರ್ಲೆಮೋಂಟ್ ಕಟ್ಟಡ, ರಸ್ತೆ ದಾಟಿದ್ರೆ ಸದಸ್ಯ ದೇಶಗಳ ಮಂತ್ರಿಗಳು ಕೂರೋ ಕೌನ್ಸಿಲ್, ಸ್ವಲ್ಪ ದೂರ ನಡೆದ್ರೆ ಪಾರ್ಲಿಮೆಂಟು. ಕಾನೂನಿನ ಪ್ರಸ್ತಾಪ ಇಡೋದು ಕಮಿಷನ್, ಅದನ್ನ ತಿದ್ದಿ ಒಪ್ಪಬೇಕಾದೋರು ಪಾರ್ಲಿಮೆಂಟಿನ 720 ಸದಸ್ಯರು ಮತ್ತೆ 27 ದೇಶಗಳ ಮಂತ್ರಿಗಳು. ಮಂತ್ರಿಗಳ ಕಡೆ ಹೆಚ್ಚಿನ ವಿಷಯಗಳಿಗೆ ಕನಿಷ್ಠ 15 ದೇಶ ಹೂಂ ಅನ್ನಬೇಕು, ಆ ದೇಶಗಳಲ್ಲಿ ಒಕ್ಕೂಟದ ಜನಸಂಖ್ಯೆಯ 65% ಇರ್ಬೇಕು. ಆದ್ರೆ ನಿಜವಾದ ಚೌಕಾಸಿ ನಡೆಯೋದು ಟ್ರೈಲಾಗ್ ಅಂತ ಮೂರೂ ಕಡೆಯವರು ಬಾಗಿಲು ಹಾಕ್ಕೊಂಡು ಕೂರೋ ಸಭೆಗಳಲ್ಲಿ, ಎಷ್ಟೋ ಸಲ ಬೆಳಗಿನ ಜಾವದ ತನಕ, ಅಲ್ಲಿಗೆ ಕ್ಯಾಮೆರಾನೂ ಇಲ್ಲ ಪತ್ರಕರ್ತರೂ ಇಲ್ಲ. ಹಾಗಾಗಿ ವಿಡಿಯೊ ಮಾಡೋರಿಗೆ ಇದು ಕಷ್ಟದ ಊರು, ಮುಖ್ಯವಾದ್ದು ಯಾವ್ದೂ ಕಣ್ಣಿಗೆ ಕಾಣಲ್ಲ. ಒಂದು ಪ್ರಸ್ತಾಪದ ಮೇಲೆ ಪಾರ್ಲಿಮೆಂಟಿನ ನಿಲುವಿನ ಕರಡು ಬರೆಯೋ ಸದಸ್ಯರನ್ನ ರಾಪೋರ್ಟರ್ ಅಂತಾರೆ, ಅವರ ಆಫೀಸಲ್ಲಿರೋ ಸಹಾಯಕರು, ದೇಶಗಳ ರಾಯಭಾರ ಕಚೇರಿಯ ಜೂನಿಯರ್ ಅಧಿಕಾರಿಗಳು, ಎನ್‌ಜಿಒ ವಕೀಲರು, ಇವರ ಪರಿಚಯ ಇಲ್ದೇ ಒಳಗೇನಾಯ್ತು ಅಂತ ಗೊತ್ತಾಗಲ್ಲ.

ದಿನಾ ಮಧ್ಯಾಹ್ನ 12ಕ್ಕೆ ಬೆರ್ಲೆಮೋಂಟಿನ ಪ್ರೆಸ್ ರೂಮಲ್ಲಿ ಕಮಿಷನ್ ವಕ್ತಾರರ ಬ್ರೀಫಿಂಗ್ ಇರತ್ತೆ, ಇಂಗ್ಲಿಷು ಫ್ರೆಂಚು ಎರಡರಲ್ಲೂ ಪ್ರಶ್ನೋತ್ತರ, ನೇರ ಪ್ರಸಾರಾನೂ ಇರತ್ತೆ. ಮೈಸೂರಲ್ಲಿ ಕೂತ್ಕೊಂಡೇ ನೋಡ್ಬಹುದು, ದಯವಿಟ್ಟು ಈಗಿನಿಂದ್ಲೇ ನೋಡೋಕೆ ಶುರು ಮಾಡಿ. ಮೊದಮೊದ್ಲು ಬೋರ್ ಹೊಡೆಯತ್ತೆ, ಏನೂ ಹೇಳ್ತಿಲ್ವಲ್ಲ ಇವರು ಅನ್ಸತ್ತೆ. ಒಂದೆರಡು ತಿಂಗಳು ಬಿಡದೆ ನೋಡಿದ್ಮೇಲೆ, ನಿನ್ನೆವರೆಗೂ ಹೇಳ್ತಿದ್ದ ವಾಕ್ಯದಲ್ಲಿ ಇವತ್ತು ಯಾವ ಪದ ಬಿಟ್ರು ಅನ್ನೋದು ಕಿವಿಗೆ ಬೀಳತ್ತೆ, ಸುದ್ದಿ ಇರೋದು ಅಲ್ಲೇ.

ಇನ್ನೊಂದು ಗೊಂದಲ ಈಗ್ಲೇ ಸರಿ ಮಾಡ್ಕೊಳ್ಳಿ. ಸ್ಟ್ರಾಸ್‌ಬರ್ಗಲ್ಲಿರೋ ಮಾನವ ಹಕ್ಕುಗಳ ಕೋರ್ಟು ಯುರೋಪಿಯನ್ ಯೂನಿಯನ್ನಿನದ್ದಲ್ಲ, ಅದು 46 ದೇಶಗಳ ಕೌನ್ಸಿಲ್ ಆಫ್ ಯುರೋಪ್ ಅನ್ನೋ ಬೇರೇನೇ ಸಂಸ್ಥೆದು, ಬ್ರಿಟನ್ನು ಟರ್ಕಿ ಎರಡೂ ಅದರಲ್ಲಿವೆ, ರಷ್ಯಾನ 2022ರಲ್ಲಿ ಹೊರಗೆ ಹಾಕಿದ್ರು. ಯೂನಿಯನ್ನಿನ ಕೋರ್ಟು ಇರೋದು ಲಕ್ಸೆಂಬರ್ಗಲ್ಲಿ. ನಮ್ಮ ಪತ್ರಿಕೆಗಳಲ್ಲಿ ಇವೆರಡೂ ಕಲಸಿಹೋಗಿರೋದನ್ನ ನೋಡಿದಾಗೆಲ್ಲ ಬೇಜಾರಾಗತ್ತೆ, ಯಾಕಂದ್ರೆ ಯಾರು ಯಾರಿಗೆ ಆದೇಶ ಕೊಡ್ಬಹುದು ಅನ್ನೋದೇ ಅಲ್ಲಿ ಉಲ್ಟಾ ಆಗತ್ತೆ.

ಈಗ ಎರಡು ತುದಿ ಅಂದ್ನಲ್ಲ, ಅದಕ್ಕೊಂದು ಉದಾಹರಣೆ. 2024ರ ಫೆಬ್ರವರಿಯಲ್ಲಿ ಬ್ರಸೆಲ್ಸಿಗೆ ರೈತರು ಟ್ರ್ಯಾಕ್ಟರ್ ತಗೊಂಡು ನುಗ್ಗಿದ್ರು, ಪಾರ್ಲಿಮೆಂಟ್ ಮುಂದೆ ಟೈರ್ ಸುಟ್ರು, ಮೊಟ್ಟೆ ಎಸೆದ್ರು. ಎಲ್ಲರ ಹತ್ರಾನೂ ಅದೇ ಫೋಟೊ, ಅದೇ ಹೊಗೆ. ಅದಾದ ಕೆಲವೇ ದಿನಕ್ಕೆ ಕಮಿಷನ್ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯೆನ್ ಕೀಟನಾಶಕ ಕಡಿಮೆ ಮಾಡೋ ಕಾನೂನಿನ ಪ್ರಸ್ತಾಪನೇ ವಾಪಸ್ ತಗೋತೀವಿ ಅಂದ್ರು. ಸುದ್ದಿ ಅಲ್ಲಿಗೆ ಮುಗೀತು ಅಂತ ಹೆಚ್ಚಿನೋರು ಬೇರೆ ಕಡೆ ಹೋದ್ರು. ಆದ್ರೆ ಆ ಬೀದಿಯಲ್ಲಿ ನಿಂತಿದ್ದ ರೈತರೆಲ್ಲರ ತಕರಾರು ಕೀಟನಾಶಕದ್ದಾಗಿರ್ಲಿಲ್ಲ. ಕೆಲವರಿಗೆ ಹೊಲದ 4% ಜಾಗ ಬೀಳು ಬಿಡ್ಬೇಕು ಅನ್ನೋ ನಿಯಮದ ಮೇಲೆ ಸಿಟ್ಟು, ಕೆಲವರಿಗೆ ಉಕ್ರೇನಿಂದ ಬರೋ ಅಗ್ಗದ ಧಾನ್ಯದ ಮೇಲೆ, ಇನ್ನು ಕೆಲವರಿಗೆ ದಕ್ಷಿಣ ಅಮೆರಿಕದ ಮೆರ್ಕೋಸುರ್ ಗುಂಪಿನ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದದ ಮೇಲೆ, ಬಹಳ ಜನಕ್ಕೆ ಸೂಪರ್‌ಮಾರ್ಕೆಟ್ಟುಗಳು ಹಾಲಿಗೆ ಕೊಡೋ ರೇಟಿನ ಮೇಲೆ. ಟ್ರ್ಯಾಕ್ಟರ್ ವಾಪಸ್ ಹೋದ್ಮೇಲೆ ಅದರ ಹಿಂದೇನೇ ಹಳ್ಳಿಗೆ ಹೋಗಿ, ಅಡಿಗೆಮನೆ ಮೇಜಿನ ಮೇಲೆ ಹಾಲಿನ ಬಿಲ್ಲು, ಸಾಲದ ಪತ್ರ, ಸಬ್ಸಿಡಿ ಅರ್ಜಿ ಮೂರನ್ನೂ ಹರಡಿಸಿ, ಒಂದೊಂದನ್ನೂ ರೈತನ ಕೈಲೇ ವಿವರಿಸಿ ಅಂತ ಕೇಳಿ ಶೂಟ್ ಮಾಡಿ. ಆ ಕೈಬೆರಳು ಸಾಲುಗಳ ಮೇಲೆ ಓಡೋ ಶಾಟು ಸುಡೋ ಟೈರಿಗಿಂತ ಜಾಸ್ತಿ ಹೇಳತ್ತೆ, ಅದು ಬೇರೆ ಯಾರ ಹತ್ರಾನೂ ಇರಲ್ಲ.

ಪಾರ್ಲಿಮೆಂಟ್ ತಿಂಗಳಿಗೊಂದ್ಸಲ ಅಂತ ನಾಕು ದಿನ ಸ್ಟ್ರಾಸ್‌ಬರ್ಗಿಗೆ ಶಿಫ್ಟ್ ಆಗತ್ತೆ ಗೊತ್ತಲ್ಲ, ಆ ವಾರ ಪತ್ರಕರ್ತರೂ ಸೂಟ್‌ಕೇಸ್ ಹಿಡ್ಕೊಂಡು ಟ್ರೈನ್ ಹತ್ತಬೇಕು. ಅಲ್ಲಿ 24 ಅಧಿಕೃತ ಭಾಷೆ, ಎಲ್ಲದಕ್ಕೂ ತಕ್ಷಣದ ಅನುವಾದ ಇರತ್ತೆ. ಹೊಸಬರು ಇಂಗ್ಲಿಷ್ ಚಾನೆಲ್ಲಿನ ಆಡಿಯೊ ಇಳಿಸ್ಕೊಂಡು ಅದನ್ನೇ ಕೋಟ್ ಮಾಡ್ಬಿಡ್ತಾರೆ, ಅದು ದುಬಾಷಿಯ ಮಾತು, ಸದಸ್ಯರದ್ದಲ್ಲ. ಆ ಅನುವಾದ ಅಧಿಕೃತ ದಾಖಲೆ ಅಲ್ಲ ಅಂತ ಪಾರ್ಲಿಮೆಂಟೇ ಹೇಳತ್ತೆ. ಯಾವಾಗ್ಲೂ ಮೂಲ ಭಾಷೆಯ ಟ್ರ್ಯಾಕ್ ಇಳಿಸ್ಕೊಳ್ಳಿ, ಆ ಭಾಷೆ ಬರೋರ ಹತ್ರ ಸಬ್‌ಟೈಟಲ್ ಚೆಕ್ ಮಾಡಿಸಿ. ಹಂಗೇರಿಯನ್ ಸದಸ್ಯನ ಸಿಟ್ಟು, ವ್ಯಂಗ್ಯ ಎಲ್ಲ ದುಬಾಷಿಯ ತಣ್ಣನೆ ದನಿಯಲ್ಲಿ ಕರಗಿಹೋಗಿರತ್ತೆ. ಇನ್ನು ಮತದಾನ, ರೋಲ್ ಕಾಲ್ ಆದಾಗ ಯಾವ ಸದಸ್ಯ ಯಾವ ಕಡೆ ಓಟ್ ಹಾಕಿದ ಅಂತ ಹೆಸರು ಸಮೇತ ಪಟ್ಟಿ ಬರತ್ತೆ. ಭಾಷಣದಲ್ಲಿ ಒಂದು ಹೇಳಿ ಓಟಲ್ಲಿ ಇನ್ನೊಂದು ಮಾಡಿದೋರನ್ನ ಹಿಡಿಯೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ನಮ್ಮ ಆರ್‌ಟಿಐ ಥರದ್ದೊಂದು ಅಲ್ಲೂ ಇದೆ, 2001ರ ನಿಯಮ 1049 ಅಂತ. ಒಕ್ಕೂಟದ ನಾಗರಿಕರಷ್ಟೇ ಅಲ್ಲ, ಅಲ್ಲಿ ವಾಸ ಮಾಡೋ ಯಾರು ಬೇಕಾದ್ರೂ ಕಮಿಷನ್, ಕೌನ್ಸಿಲ್, ಪಾರ್ಲಿಮೆಂಟಿನ ದಾಖಲೆ ಕೇಳ್ಬಹುದು, ಅಂದ್ರೆ ರೆಸಿಡೆನ್ಸ್ ಪರ್ಮಿಟ್ ಸಿಕ್ಕಿದ ದಿನದಿಂದ ನೀವೂ ಕೇಳ್ಬಹುದು. 15 ಕೆಲಸದ ದಿನದಲ್ಲಿ ಉತ್ತರ ಕೊಡ್ಬೇಕು, ಬೇಕಿದ್ರೆ ಇನ್ನೊಂದ್ 15 ದಿನ ಎಳೀಬಹುದು. ಕೊಡಲ್ಲ ಅಂದ್ರೆ ಮತ್ತೊಂದು ಅರ್ಜಿ ಹಾಕ್ಬೇಕು, ಅದಕ್ಕೂ ಇಲ್ಲ ಅಂದ್ರೆ ಯುರೋಪಿಯನ್ ಒಂಬುಡ್ಸ್‌ಮನ್ ಹತ್ರ ದೂರು. ನಿಧಾನ ಆಗತ್ತೆ ನಿಜ, ಆದ್ರೆ ಕೈಗೆ ಬಂದ ಒಂದು ಇಮೇಲ್ ಸರಣಿ ಇಡೀ ಡಾಕ್ಯುಮೆಂಟರಿಯ ಬೆನ್ನೆಲುಬಾಗಿರೋದನ್ನ ನಾನು ನೋಡಿದೀನಿ.

ಈಗ ಇನ್ನೊಂದು ತುದಿ, ನೆಲ. ವಲಸೆ ವಿಷಯ ಅಂದ್ರಿ. ಗ್ರೀಸಿನ ಲೆಸ್ಬೋಸ್ ದ್ವೀಪದ ಮೋರಿಯಾ ನಿರಾಶ್ರಿತರ ಶಿಬಿರ 2020ರ ಸೆಪ್ಟೆಂಬರಲ್ಲಿ ಸುಟ್ಟುಹೋಯ್ತು, 3,000 ಜನಕ್ಕೂ ಸಾಲದ ಜಾಗದಲ್ಲಿ ಆಗ 12,000ಕ್ಕೂ ಹೆಚ್ಚು ಜನ ಇದ್ರು. ಅದಾದ್ಮೇಲೆ ಒಕ್ಕೂಟದ ದುಡ್ಡಲ್ಲಿ ಹೊಸ ಥರದ ಶಿಬಿರ ಕಟ್ಟಿದ್ರು, ಮೊದಲನೇದು 2021ರ ಸೆಪ್ಟೆಂಬರಲ್ಲಿ ಸಾಮೋಸ್ ದ್ವೀಪದಲ್ಲಿ. ಊರಿಂದ ದೂರ ಗುಡ್ಡದ ಮೇಲೆ, ಎರಡು ಸುತ್ತು ಬೇಲಿ, ಕ್ಯಾಮೆರಾಗಳು, ಒಳಗೆ ಹೊರಗೆ ಹೋಗೋಕೆ ಕಾರ್ಡ್ ಗೇಟು. ಒಳಗೆ ಹೋಗೋಕೆ ಗ್ರೀಕ್ ಸರ್ಕಾರದ ಅನುಮತಿ ಬೇಕು, ಸಿಕ್ಕಿದ್ರೂ ಅವರು ತೋರಿಸಿದ್ದನ್ನೇ ನೋಡ್ಬೇಕು. ಹಾಗಾಗಿ ಕೆಲಸ ನಡೆಯೋದು ಹೊರಗೆ, ಬಸ್ ಸ್ಟಾಪಲ್ಲಿ, ಊರಿನ ವಕೀಲರ ಆಫೀಸಲ್ಲಿ, ಎನ್‌ಜಿಒಗಳು ಬಟ್ಟೆ ಒಗೆಯೋಕೆ ಮೆಶಿನ್ ಇಟ್ಟಿರೋ ಜಾಗದಲ್ಲಿ.

ಅಲ್ಲಿ ಮುಖ ತೋರಿಸೋ ಮುಂಚೆ ನೂರು ಸಲ ಯೋಚನೆ ಮಾಡಿ. ಆಶ್ರಯದ ಅರ್ಜಿ ಇನ್ನೂ ತೀರ್ಮಾನ ಆಗಿರಲ್ಲ, ಊರಲ್ಲಿ ಅಪ್ಪ ಅಮ್ಮ ಇರ್ತಾರೆ, ಆ ವಿಡಿಯೊ ಅವರ ದೇಶದ ಪೊಲೀಸರೂ ನೋಡ್ತಾರೆ. ಬ್ಲರ್ ಮಾಡಿದ್ರೆ ಸಾಕು ಅಂದ್ಕೋಬೇಡಿ, ದನಿ, ಹಚ್ಚೆ, ಜಾಕೆಟ್ಟು, ಕಿಟಕಿಯಾಚೆ ಕಾಣೋ ಬೆಟ್ಟ ಇವೆಲ್ಲ ಗುರುತು ಕೊಡತ್ತೆ. ಕಾಬೂಲಿನ ಒಬ್ಬ ಹೆಣ್ಣುಮಗಳ ಜೊತೆ ಮಾತಾಡಿದ್ದು ನನಗೆ ಚೆನ್ನಾಗಿ ನೆನಪಿದೆ, ಮುಖ ಬೇಡ ಅಂದ್ರು, ಸರಿ ಅಂತ ಕೈ ಮೇಲೆ ಫ್ರೇಮ್ ಇಟ್ಟೆ. ಮಾತಾಡ್ತಾ ಬೆರಳಿನ ಉಂಗುರ ತಿರುಗಿಸ್ತಾನೇ ಇದ್ರು, ಬಹಳ ಒಳ್ಳೇ ಶಾಟು. ರೆಕಾರ್ಡಿಂಗ್ ಮುಗಿದ್ಮೇಲೆ ಸ್ಕ್ರೀನಲ್ಲಿ ಅವರಿಗೇ ತೋರಿಸ್ದೆ, ಯಾವಾಗ್ಲೂ ತೋರಿಸ್ತೀನಿ. ಉಂಗುರ ನೋಡಿದ್ ತಕ್ಷಣ, ಇದನ್ನ ನಮ್ಮೂರಲ್ಲಿ ಎಲ್ರೂ ಗುರುತು ಹಿಡೀತಾರೆ ಅಂದ್ರು. ಉಂಗುರ ತೆಗೆದು ಮತ್ತೆ ಮೊದಲಿಂದ ಮಾಡಿದ್ವಿ. ಅದಕ್ಕೇ ಹೇಳೋದು, ಒಪ್ಪಿಗೆ ಅನ್ನೋದು ಕಾಗದದ ಮೇಲಿನ ಸಹಿ ಅಲ್ಲ, ಅವರ ಭಾಷೆಯಲ್ಲಿ ಕೂತು ಈ ವಿಡಿಯೊ ಎಲ್ಲೆಲ್ಲಿ ಹೋಗತ್ತೆ ಅಂತ ವಿವರಿಸಿ, ಶೂಟ್ ಆದ್ಮೇಲೂ ಬೇಡ ಅನ್ನೋ ಹಕ್ಕು ಅವರಿಗಿದೆ ಅಂತ ಹೇಳ್ಬೇಕು. ದುಬಾಷಿ ಯಾರು ಅನ್ನೋದನ್ನೂ ಕೇಳಿ, ಅದೇ ಶಿಬಿರದ ಅದೇ ಸಮುದಾಯದವರಾದ್ರೆ ಕೆಲವರು ಬಾಯಿ ಬಿಡಲ್ಲ.

ಒಬ್ರೇ ಎಲ್ಲ ಮಾಡೋಕಾಗತ್ತಾ ಅಂದ್ರಿ. ಆಗತ್ತೆ, ಆದ್ರೆ ಒಂದೇ ದಿನ ಎಲ್ಲವನ್ನೂ ಚೆನ್ನಾಗಿ ಮಾಡೋಕಾಗಲ್ಲ. ಹೊರಡೋ ಮುಂಚೆನೇ ಈ ಕಥೆಗೆ ಯಾವುದು ಮುಖ್ಯ ಅಂತ ತೀರ್ಮಾನ ಮಾಡಿ. ಮುಖ ತೋರಿಸೋಕಾಗದ ಕಥೆ ಆಡಿಯೊಗೆ ಹೇಳಿ ಮಾಡಿಸಿದ್ದು, ದನಿ ಬದಲಾಯಿಸ್ಬೇಕಾದ್ರೆ ನಟರ ಹತ್ರ ಓದಿಸ್ಬಹುದು. ಜಾಗನೇ ಕಥೆ ಆಗಿದ್ರೆ ವಿಡಿಯೊ. ಟ್ರೈಲಾಗ್ ಥರ ಕಣ್ಣಿಗೆ ಕಾಣದ ಪ್ರಕ್ರಿಯೆ ಆದ್ರೆ ಬರಹ ಮತ್ತೆ ಗ್ರಾಫಿಕ್ಸ್. ಮುಖ್ಯವಾದ್ದಕ್ಕೆ ದಿನದ ಮುಕ್ಕಾಲು ಭಾಗ ಕೊಡಿ, ಉಳಿದವು ಅದರ ಜೊತೆ ಬಂದಷ್ಟು ಬರ್ಲಿ. ಮೊಬೈಲ್ ನೋಡುಗರಿಗೆ ಉದ್ದ ಫ್ರೇಮಿನ ವಿಡಿಯೊ ಬೇಕೇ ಬೇಕು ಈಗ, ಅದನ್ನ ಅಡ್ಡ ಫ್ರೇಮಿಂದ ಕತ್ತರಿಸಿ ಮಾಡಿದ್ರೆ ಅರ್ಧ ತಲೆ ಹೋಗಿರತ್ತೆ, ಅದಕ್ಕಂತಲೇ ಮೂರ್ನಾಕು ಶಾಟ್ ಬೇರೆ ತಗೊಳ್ಳಿ.

ಕ್ಯಾಮೆರಾ: ಈಗಿರೋ ಫೋನೇ ಸಾಕು, ದುಡ್ಡಿದ್ರೆ ಮೊದ್ಲು ಕಾಲರ್ ಮೈಕು ಮತ್ತೆ ಕಿವಿ ಮುಚ್ಚೋ ಹೆಡ್‌ಫೋನ್ ತಗೊಳ್ಳಿ. ಚಿತ್ರ ಸ್ವಲ್ಪ ಅಲುಗಾಡಿದ್ರೂ ಜನ ನೋಡ್ತಾರೆ, ಮಾತು ಕೇಳಿಸ್ಲಿಲ್ಲ ಅಂದ್ರೆ ಮುಂದಕ್ಕೆ ಸ್ಕ್ರಾಲ್ ಮಾಡ್ತಾರೆ. ಸಂದರ್ಶನ ಆದ್ಮೇಲೆ ಯಾರೂ ಮಾತಾಡದೆ ಒಂದು ನಿಮಿಷ ಆ ಕೋಣೆಯ ಸದ್ದನ್ನೇ ರೆಕಾರ್ಡ್ ಮಾಡಿ, ಎಡಿಟಿಂಗ್ ಟೇಬಲ್ಲಲ್ಲಿ ನಿಮ್ಮನ್ನ ಕಾಪಾಡೋದು ಅದೇ. ಬ್ಯಾಕಪ್ಪು ಅದೇ ರಾತ್ರಿ ಎರಡು ಕಡೆ, ಸುಸ್ತಾಗಿದೆ ಅಂತ ಬೆಳಿಗ್ಗೆಗೆ ಬಿಡಬೇಡಿ.

ಭಾಷೆ ವಿಷಯ ನೇರವಾಗಿ ಹೇಳ್ತೀನಿ. ಇಂಗ್ಲಿಷ್ ಇದ್ರೆ ಬೆರ್ಲೆಮೋಂಟ್ ಒಳಗೆ ನಡೆಯತ್ತೆ, ಆಚೆ ಬೀದಿಯಲ್ಲಿ ನಡೆಯಲ್ಲ. ಫ್ರೆಂಚೋ ಜರ್ಮನ್ನೋ ಒಂದನ್ನ ಜಗಳ ಆಡೋ ಮಟ್ಟಕ್ಕೆ ಕಲೀರಿ. ಆದ್ರೆ ನಿಮಗೆ ಬರೋ ಭಾಷೆಗಳನ್ನ ಕೀಳಾಗಿ ನೋಡ್ಬೇಡಿ. 2024ರ ಜೂನಲ್ಲಿ ಇಟಲಿಯ ಲಾಟೀನಾ ಹತ್ರ ಪಂಜಾಬಿನ ಒಬ್ಬ ಹೊಲದ ಕೂಲಿಯ ತೋಳು ಮೆಶಿನ್ನಿಗೆ ಸಿಕ್ಕಿ ಕತ್ತರಿಸಿಹೋಯ್ತು, ಆಸ್ಪತ್ರೆಗೆ ಸೇರಿಸದೆ ಮನೆ ಮುಂದೆ ಬಿಟ್ಟು ಹೋದ್ರು, ಎರಡು ದಿನಕ್ಕೆ ತೀರ್ಕೊಂಡ್ರು. ಇಡೀ ಇಟಲಿ ಬೀದಿಗಿಳೀತು. ಕೂಲಿಗಳನ್ನ ಏಜೆಂಟರ ಮೂಲಕ ದುಡಿಸ್ಕೊಳ್ಳೋದರ ವಿರುದ್ಧ ಅಲ್ಲಿ 2016ರಿಂದ್ಲೇ ಗಟ್ಟಿ ಕಾನೂನಿದೆ, ಆದ್ರೂ ಹೀಗೆ. ಆ ಬಯಲಲ್ಲಿ ಸಾವಿರಾರು ಪಂಜಾಬಿಗಳು ದುಡೀತಾರೆ, ಅವರ ಜೊತೆ ಸಂಜೆ ಗುರುದ್ವಾರದಲ್ಲಿ ಕೂತು ಹಿಂದಿಯಲ್ಲಿ ಮಾತಾಡಬಲ್ಲ ಪತ್ರಕರ್ತರು ಯುರೋಪಿನ ನ್ಯೂಸ್‌ರೂಮುಗಳಲ್ಲಿ ಎಷ್ಟು ಜನ ಇದಾರೆ ಹೇಳಿ? ನಿಮ್ಮ ಜಾಗ ಇರೋದು ಅಲ್ಲಿ.

ಮನೆ ಹತ್ರದ್ದೇ ಇನ್ನೊಂದಿದೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಮಾಲು ಬೇಡ ಅಂತ ಒಕ್ಕೂಟ 2023ರಲ್ಲಿ ಕಾನೂನು ಮಾಡ್ತು, ಕಾಫಿನೂ ಅದರಲ್ಲಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದಿಲ್ಲ ಅಂತ ತೋರಿಸ್ಬೇಕು, ತೋಟ ಎಲ್ಲಿದೆ ಅನ್ನೋ ಅಕ್ಷಾಂಶ ರೇಖಾಂಶ ಕೊಡ್ಬೇಕು, 4 ಹೆಕ್ಟೇರಿಗಿಂತ ದೊಡ್ಡ ತೋಟ ಆದ್ರೆ ಗಡಿ ಪೂರ್ತಿ ಗುರುತು ಹಾಕ್ಬೇಕು. ಜಾರಿ ಆಗೋ ದಿನಾಂಕ ಮುಂದಕ್ಕೆ ಹೋಗಿದೆ, ಜಗಳ ಇನ್ನೂ ನಿಂತಿಲ್ಲ. ಭಾರತದ ಕಾಫಿಯ ಹೆಚ್ಚಿನ ಪಾಲು ಬೆಳೆಯೋದು ಕರ್ನಾಟಕದಲ್ಲಿ, ದೊಡ್ಡ ಗಿರಾಕಿಗಳು ಇಟಲಿ ಜರ್ಮನಿ. ನೀವಿರೋ ಮೈಸೂರಿಂದ ಕೊಡಗು ಎಷ್ಟು ದೂರ? ಮರದ ನೆರಳಲ್ಲೇ ಕಾಫಿ ಬೆಳೆಯೋ ಒಬ್ಬ ಸಣ್ಣ ಬೆಳೆಗಾರರ ತೋಟಕ್ಕೆ ಹೋಗಿ, ಆರ್‌ಟಿಸಿ ಇನ್ನೂ ಅಜ್ಜನ ಹೆಸರಲ್ಲೇ ಇದ್ರೆ ಈ ಕಾನೂನಿಗೆ ಯಾವ ಕಾಗದ ಕೊಡ್ತೀರಿ ಅಂತ ಕೇಳಿ. ಬ್ರಸೆಲ್ಸ್ ತುದಿಯ ದಾಖಲೆ ಎಲ್ಲ ಆನ್‌ಲೈನಲ್ಲಿದೆ. ವೀಸಾ ಇಲ್ದೇನೇ ಮಾಡ್ಬಹುದಾದ ಯುರೋಪ್ ಕಥೆ ಇದು, ನಿಮ್ಮ ಮೊದಲ ಸ್ಯಾಂಪಲ್ ಇದೇ ಆಗ್ಲಿ.

ಕೆಲಸ ಕೊಡ್ತಾರಾ ಅಂದ್ರೆ, ಖಾಯಂ ಹುದ್ದೆ ಕಮ್ಮಿ, ಹೆಚ್ಚಿನೋರು ಫ್ರೀಲಾನ್ಸ್. ಬರೋ ದಾರಿಗಳಲ್ಲಿ ಓದೋದು ಒಂದು, ಡೆನ್ಮಾರ್ಕಿನ ಆರ್ಹುಸಲ್ಲಿ ಶುರುವಾಗೋ ಎರಾಸ್ಮಸ್ ಮುಂಡಸ್ ಪತ್ರಿಕೋದ್ಯಮ ಮಾಸ್ಟರ್ಸ್ ಒಂದಿದೆ, ಎರಡನೇ ವರ್ಷ ಬೇರೆ ದೇಶದ ಯೂನಿವರ್ಸಿಟಿಯಲ್ಲಿ. ಜರ್ಮನಿಯಲ್ಲಿ ಪತ್ರಕರ್ತರನ್ನ ಸ್ವತಂತ್ರ ವೃತ್ತಿಯವರು ಅಂತ ಕಾನೂನೇ ಗುರುತಿಸತ್ತೆ, ಅದಕ್ಕೆ ತಕ್ಕ ರೆಸಿಡೆನ್ಸ್ ಪರ್ಮಿಟ್ಟೂ ಇದೆ, ಜೊತೆಗೆ ಕಲಾವಿದರು, ಬರಹಗಾರರು, ಪತ್ರಕರ್ತರಿಗೆ ಅಂತ ಕ್ಯುನ್‌ಸ್ಟ್ಲರ್‌ಸೋಷಿಯಲ್‌ಕಾಸೆ ಅನ್ನೋ ವ್ಯವಸ್ಥೆ ಇದೆ, ಆರೋಗ್ಯ ವಿಮೆ, ಪಿಂಚಣಿಯ ಕಂತಲ್ಲಿ ಅರ್ಧ ನಿಮ್ಮ ತಲೆ ಮೇಲೆ ಬರಲ್ಲ. ಫ್ರೀಲಾನ್ಸರಿಗೆ ಇದು ದೊಡ್ಡ ಆಸರೆ. ಬೆಲ್ಜಿಯಮ್ಮಲ್ಲಿ ಹೊರದೇಶದವರು ಸ್ವಂತವಾಗಿ ದುಡೀಬೇಕಾದ್ರೆ ಪ್ರೊಫೆಷನಲ್ ಕಾರ್ಡ್ ಬೇಕು, ಕಾಗದ ಜಾಸ್ತಿ, ಸಮಯ ಹಿಡಿಯತ್ತೆ. ದೊಡ್ಡ ತನಿಖೆಗಳಿಗೆ ಬ್ರಸೆಲ್ಸಿನ ಜರ್ನಲಿಸಂಫಂಡ್ ಅನುದಾನ ಕೊಡತ್ತೆ, ಬೇರೆ ಬೇರೆ ದೇಶದ ಪತ್ರಕರ್ತರು ಸೇರಿ ಮಾಡೋ ಕೆಲಸಕ್ಕೆ ಒಲವು ಜಾಸ್ತಿ.

ಕಾನೂನು ಸ್ವಲ್ಪ ಗೊತ್ತಿರ್ಲಿ. ಜರ್ಮನಿಯಲ್ಲಿ ತನ್ನ ಚಿತ್ರದ ಮೇಲೆ ಆ ವ್ಯಕ್ತಿಗೇ ಹಕ್ಕು, ಪ್ರಕಟಿಸೋಕೆ ಒಪ್ಪಿಗೆ ಬೇಕು. ಸಾರ್ವಜನಿಕ ಸಭೆ ಮೆರವಣಿಗೆಗೆ ವಿನಾಯಿತಿ ಇದೆ, ಆದ್ರೆ ಗುಂಪಲ್ಲಿ ಒಬ್ಬರ ಮುಖಕ್ಕೇ ಝೂಮ್ ಹಾಕಿದ್ರೆ ಕಥೆ ಬೇರೆ. ಯುರೋಪ್ ಅಂದ್ರೆ ಪತ್ರಕರ್ತರಿಗೆ ಪೂರ್ತಿ ಸುರಕ್ಷಿತ ಅಂತಾನೂ ಅಂದ್ಕೋಬೇಡಿ. 2017ರ ಅಕ್ಟೋಬರಲ್ಲಿ ಮಾಲ್ಟಾದಲ್ಲಿ ಡಾಫ್ನೆ ಕರುವಾನಾ ಗಲಿಝಿಯಾ ಅವರನ್ನ ಕಾರ್ ಬಾಂಬಿಟ್ಟು ಕೊಂದ್ರು, 2018ರ ಫೆಬ್ರವರಿಯಲ್ಲಿ ಸ್ಲೊವಾಕಿಯಾದಲ್ಲಿ ಯಾನ್ ಕುಚಿಯಾಕ್ ಮತ್ತವರು ಮದುವೆ ಆಗಬೇಕಿದ್ದ ಹುಡುಗಿ ಇಬ್ರನ್ನೂ ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದ್ರು. ಡಾಫ್ನೆ ಸತ್ತಾಗ ಅವರ ಮೇಲೆ 40ಕ್ಕೂ ಹೆಚ್ಚು ಮಾನಹಾನಿ ಕೇಸ್ ಇದ್ವು. ಅಂಥ ಬಾಯಿಮುಚ್ಚಿಸೋ ಕೇಸುಗಳ ವಿರುದ್ಧ 2024ರಲ್ಲಿ ಒಕ್ಕೂಟ ತಂದ ನಿರ್ದೇಶನಕ್ಕೆ ಜನ ಅವರ ಹೆಸರಲ್ಲೇ ಡಾಫ್ನೆ ಕಾನೂನು ಅಂತಾರೆ. ಹಣ, ಅಧಿಕಾರದ ತನಿಖೆಗೆ ಒಂಟಿಯಾಗಿ ಹೋಗ್ಬೇಡಿ, ಎಡಿಟರ್ ಯಾರು, ವಕೀಲರ ಖರ್ಚು ಯಾರದು ಅಂತ ಮೊದ್ಲೇ ಬರವಣಿಗೆಯಲ್ಲಿ ತಗೊಳ್ಳಿ.

ಪಿಚ್, ಅಂದ್ರೆ ಎಡಿಟರಿಗೆ ಕಳಿಸೋ ಕಥೆಯ ಪ್ರಸ್ತಾಪ ಬರೆಯೋವಾಗ ನಾನು ಯಾರು, ಏನು ಓದಿದೀನಿ ಅಂತ ಶುರು ಮಾಡ್ಬೇಡಿ. ಮೊದಲ ವಾಕ್ಯದಲ್ಲೇ ಯಾರಿಗೆ ಏನಾಗ್ತಿದೆ, ಎರಡನೇದ್ರಲ್ಲಿ ಯಾವ ಕಾನೂನು, ಆಮೇಲೆ ಈಗ್ಲೇ ಯಾಕೆ, ನಿಮಗೆ ಯಾರು ಸಿಕ್ಕಿದಾರೆ, ಯಾವ ರೂಪದಲ್ಲಿ ಕೊಡ್ತೀರಿ, ಖರ್ಚೆಷ್ಟು. ಕೊಡಗಿನ ಕಥೆ ಆದ್ರೆ ಎರಡು ನಿಮಿಷದ ಕಚ್ಚಾ ವಿಡಿಯೊ ಲಿಂಕ್ ಹಾಕಿ, ಅದರಲ್ಲಿ ಬೆಳೆಗಾರರ ಮಾತು ಸ್ಪಷ್ಟವಾಗಿ ಕೇಳಿಸ್ಬೇಕು, ಇಂಗ್ಲಿಷ್ ಸಬ್‌ಟೈಟಲ್ ಇರ್ಲಿ. ವಾರದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಒಂದ್ಸಲ ನೆನಪಿಸಿ, ಆಮೇಲೂ ಬರ್ಲಿಲ್ಲ ಅಂದ್ರೆ ಇನ್ನೊಂದು ಕಡೆ ಕಳಿಸಿ, ಒಂದೇ ಸಲ ಹತ್ತು ಜನಕ್ಕೆ ಕಳಿಸ್ಬೇಡಿ, ಇಲ್ಲಿನ ಎಡಿಟರುಗಳೆಲ್ಲ ಒಬ್ಬರಿಗೊಬ್ಬರು ಗೊತ್ತಿರೋರೇ.